ಗೋಡೆಯಿಂದ ಒಂಬತ್ತು ಇಂಚು

ಹೈದರಾಬಾದಿನ ಬೇಗಂ ಬಜಾರಿನ ಪಕ್ಕದ ಆ ಸ್ಯಾನಿಟರಿ ಅಂಗಡಿಯಲ್ಲಿ ಕನ್ನಡ ಮಾತಾಡುವವರು ಇಬ್ಬರೇ ಇದ್ದರು. ಬಚ್ಚಲುಮನೆಗಳ ನಕ್ಷೆ ಬರೆಯುವ ನೀಲಾ ಮತ್ತು ಆ ನಕ್ಷೆಯಂತೆ ಪೈಪು ಹಾಕಿ ಟೈಲ್ಸ್ ಕೂಡಿಸುವ ಮೇಸ್ತ್ರಿ ಮೌನಪ್ಪ.

ಮಾಲೀಕ ಸೂರ್ಯನಾರಾಯಣ ತೆಲುಗಿನಲ್ಲಿ ಗದರುತ್ತಿದ್ದರು. ಗಿರಾಕಿಗಳು ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದರು. ಅವರ ನಡುವೆಯೇ ಇವರಿಬ್ಬರ ಮಾತು ಯಾರಿಗೂ ತಿಳಿಯದೆ ಹರಿದಾಡುತ್ತಿತ್ತು. ಯಾರೋ ಚಿನ್ನದ ಬಣ್ಣದ ನಲ್ಲಿಯೇ ಬೇಕೆಂದು ಹಟ ಹಿಡಿದು ಕೂತರೆ ನೀಲಾ ನಕ್ಷೆಯಿಂದ ತಲೆ ಎತ್ತದೆ, "ಮೌನಪ್ಪನವ್ರ, ಇವರ ಮನ್ಯಾಗ ನೀರರ ಬರ್ತಾವೋ ಇಲ್ಲೋ ಕೇಳ್ರಿ" ಅನ್ನುತ್ತಿದ್ದಳು. ಮೌನಪ್ಪ ನಗು ತಡೆಯಲಾರದೆ ಗೋದಾಮಿನ ಕಡೆ ಓಡುತ್ತಿದ್ದ.

ಹೀಗೆ ನಾಲ್ಕು ವರ್ಷ ಆಗಿತ್ತು.

ನೀಲಾಳ ಅಪ್ಪ ಧಾರವಾಡದ ಕಡೆಯವರು, ಕಂಚನ್‌ಬಾಗಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಅವಳು ಹುಟ್ಟಿ ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ, ಓದಿದ್ದು ಸಿವಿಲ್ ಡಿಪ್ಲೊಮಾ. ಮೌನಪ್ಪ ಸುರಪುರದ ಕಡೆಯವನು. ಒಂಬತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು, ಕಟ್ಟಡದ ಕೆಲಸಕ್ಕೆ ಹೊರಟ ಅವ್ವ ಸುಗಲಮ್ಮನ ಹಿಂದೆ ಬೋರಬಂಡಕ್ಕೆ ಬಂದವನು. ಈಗ ವಯಸ್ಸು ಮೂವತ್ತೊಂದು. ನೀಲಾಳ ಮುಂದೆ ಒಂದು ಮಾತು ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದ. ಪ್ರತಿ ಸಲವೂ ತನ್ನ ಕೈಯ ಸಿಮೆಂಟು ಕಣ್ಣಿಗೆ ಬೀಳುತ್ತಿತ್ತು. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮಾತು ತಣ್ಣಗಾಗಿರುತ್ತಿತ್ತು.

ಎರಡು ಸಾವಿರದ ಐದರ ಜನವರಿ. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಲ್ಲಿ ಕೆಲಸ ಮಾಡುವ ಹುಡುಗರು ಕೊರಳಿನ ಗುರುತಿನ ಚೀಟಿ ತೆಗೆಯುವುದನ್ನೂ ಮರೆತು ಬಂದು ಶವರ್, ಗೀಸರ್ ವಿಚಾರಿಸುತ್ತಿದ್ದರು. ಒಂದು ಮಧ್ಯಾಹ್ನ ಅಂಥವನೇ ಒಬ್ಬ ಒಳಗೆ ಬಂದ. ಎತ್ತರದವನು, ಕನ್ನಡಕ, ಹೆಸರು ಕೌಶಲ್. ಇಂಗ್ಲಿಷಿನಲ್ಲಿ ಶುರು ಮಾಡಿದ. ತಾರ್ನಾಕದಲ್ಲಿ ಹಳೆಯ ಫ್ಲಾಟು ಕೊಂಡಿದ್ದೇನೆ, ಬಾತ್‌ರೂಮು ತೀರಾ ಚಿಕ್ಕದು, ಅಗಲ ನಾಲ್ಕೂವರೆ ಅಡಿ, ಉದ್ದ ಆರೂಮುಕ್ಕಾಲು, ಏನಾದರೂ ಮಾಡಲಿಕ್ಕಾಗುತ್ತಾ?

ನೀಲಾ ಎಂದಿನಂತೆ ತಲೆ ಎತ್ತದೆ ಮೌನಪ್ಪನಿಗೆ ಹೇಳಿದಳು. "ಇದು ಬಾತ್‌ರೂಮಲ್ರಿ, ಕಪಾಟು."

"ಕಪಾಟಾದ್ರೂ ಪರವಾಗಿಲ್ಲ. ಒಳಗೊಂದು ನಲ್ಲಿ ಹಾಕಿಕೊಡಿ" ಅಂದ ಕೌಶಲ್, ಅಚ್ಚ ಮೈಸೂರು ಕನ್ನಡದಲ್ಲಿ.

ನೀಲಾಳ ಪೆನ್ಸಿಲ್ಲು ನಿಂತಿತು. ಕಿವಿಯ ತುದಿ ಕೆಂಪಾಯಿತು. ತಲೆ ಎತ್ತಿ ಅವನನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು.

ಮೌನಪ್ಪನಿಗೆ ಆ ನಗುವಿನ ಪರಿಚಯವಿತ್ತು. ಅದು ತನಗೊಬ್ಬನಿಗೇ ಸಿಗುವಂಥದ್ದು ಎಂದು ಅವನು ತಿಳಿದುಕೊಂಡಿದ್ದ.

ಮರುದಿನ ಇಬ್ಬರೂ ಅಳತೆಗೆ ತಾರ್ನಾಕಕ್ಕೆ ಹೋದರು. ನೀಲಾಳದೊಂದು ಪದ್ಧತಿ ಇತ್ತು. ಕಂಪ್ಯೂಟರಿನ ನಕ್ಷೆ ಮನೆಯವರಿಗೆ ತಲೆಗೆ ಹತ್ತುವುದಿಲ್ಲವೆಂದು ಹಳೆಯ ಪೇಪರುಗಳನ್ನು ಕಮೋಡಿನ ಅಳತೆಗೆ, ಬೇಸಿನ್ನಿನ ಅಳತೆಗೆ, ಬಕೆಟ್ಟಿನ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸುತ್ತಿದ್ದಳು. ಕಮೋಡಿನ ಪೇಪರಿನ ಮೇಲೆ ಸ್ಟೂಲು ಇಟ್ಟು ಒಬ್ಬರು ಕೂತು ನೋಡಬೇಕು: ಮೊಣಕಾಲು ಬಾಗಿಲಿಗೆ ತಾಗುತ್ತದೋ, ಎದ್ದು ನಿಲ್ಲಲು ಜಾಗ ಉಳಿಯುತ್ತದೋ. ನಾಲ್ಕು ವರ್ಷ ಹೈದರಾಬಾದಿನ ಎಲ್ಲ ಬಚ್ಚಲುಗಳಲ್ಲೂ ಹಾಗೆ ಕೂತವನು ಮೌನಪ್ಪನೇ. "ಕೂಡ್ರಿ ಮಹಾರಾಜರ" ಎಂದು ಅವಳು ಸ್ಟೂಲು ತೋರಿಸುತ್ತಿದ್ದಳು. ಅವನು ಮೀಸೆ ತಿರುವಿ ಕೂರುತ್ತಿದ್ದ.

ಅಂದು ಅವನು ಟೇಪು ಸುತ್ತಿ ಬರುವಷ್ಟರಲ್ಲಿ ಸ್ಟೂಲಿನ ಮೇಲೆ ಕೌಶಲ್ ಕೂತಿದ್ದ. ಉದ್ದನೆಯ ಕಾಲು ಮಡಚಲಾರದೆ, ಮೊಣಕಾಲು ಬಾಗಿಲಿಗೆ ಬಡಿದು ಅಯ್ಯೋ ಅನ್ನುತ್ತಿದ್ದ.

"ಸರಿಯಾಗಿ ಕೂಡ್ರಿ ಮಹಾರಾಜರ" ಅಂದಳು ನೀಲಾ, ನಗುತ್ತ.

ಮೌನಪ್ಪ ಟೇಪನ್ನು ಮತ್ತೆ ಬಿಚ್ಚಿದ. ಅಳೆಯಲು ಏನೂ ಉಳಿದಿರಲಿಲ್ಲ. ಆದರೂ ಪ್ಯಾಸೇಜಿನ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಅಳೆದ.

ಕೌಶಲನಿಗೆ ಗಾಜಿನ ಶವರ್ ಕ್ಯಾಬಿನ್ ಬೇಕಿತ್ತು. ಆಫೀಸಿನ ಗೆಳೆಯನ ಮನೆಯಲ್ಲಿ ನೋಡಿದ್ದನಂತೆ. ನೀಲಾ ಅದಕ್ಕೆ ಉತ್ತರ ಕೊಡದೆ ಅವನ ತಾಯಿ ವತ್ಸಲಾ ಅವರ ಕಡೆ ತಿರುಗಿದಳು. ಅರವತ್ತು ದಾಟಿದ ಹೆಂಗಸು, ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದಿದ್ದರು. ಬೆಳಿಗ್ಗೆ ಹತ್ತಿರದ ಯೂನಿವರ್ಸಿಟಿಯ ಮರಗಳ ಕೆಳಗೆ ನಿಧಾನವಾಗಿ ನಾಲ್ಕು ಹೆಜ್ಜೆ ಹಾಕಬಹುದೆಂದೇ ಮಗ ಈ ಫ್ಲಾಟು ಕೊಂಡಿದ್ದ.

"ಅಮ್ಮಾ, ನೀವು ಸ್ನಾನ ಹೆಂಗ ಮಾಡ್ತೀರಿ?"

ವತ್ಸಲಾ ಮಗನನ್ನು ನೋಡಿದರು. "ಶವರಿನಲ್ಲೇ ಕಣಮ್ಮ. ಎಲ್ಲಾರ್ ಥರ."

ನೀಲಾ ಗಂಡಸರಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಹೊರಗೆ ನಿಂತ ಮೌನಪ್ಪನಿಗೆ ಒಳಗಿನ ಮಾತು ತುಣುಕು ತುಣುಕಾಗಿ ಕೇಳಿತು. ನಿಂತರೆ ಕಾಲು ನಡುಗುತ್ತದೆ. ಸ್ಟೂಲಿನ ಮೇಲೆ ಕೂತು ಚೊಂಬಿನಲ್ಲಿ ಹಾಕಿಕೊಳ್ಳುವುದು. ಎಡಗೈ ಮೇಲಕ್ಕೆ ಬರುವುದಿಲ್ಲ. ಹೋದ ತಿಂಗಳು ಒಮ್ಮೆ ಜಾರಿದ್ದು, ಮಗನಿಗೆ ಹೇಳಿಲ್ಲ.

ಬಾಗಿಲು ತೆರೆದಾಗ ನೆಲದ ಮೇಲಿನ ಪೇಪರುಗಳೆಲ್ಲ ಜಾಗ ಬದಲಿಸಿದ್ದವು. ಸ್ನಾನದ ಜಾಗ ಕೊನೆಯಲ್ಲಿ, ಕಿಟಕಿಯ ಕೆಳಗೆ. ಅಲ್ಲಿ ಕೂರಲು ಗೋಡೆಗೆ ಹೊಂದಿಸಿ ಒಂದು ಕಟ್ಟೆ, ಬಲಗೈಗೆ ಸಿಗುವ ಹಾಗೆ ನಲ್ಲಿ, ಗೋಡೆಗೊಂದು ಹಿಡಿಕೆ. ಕಮೋಡು ನಡುವೆ. ಬೇಸಿನ್ ಒಳಗೆ ಬೇಡವೇ ಬೇಡ, ಅದು ಪ್ಯಾಸೇಜಿಗೆ ಬರಲಿ.

"ಬಾಗಲಾ ಹೊರಗ ತೆರೀಬೇಕು" ಅಂದಳು ನೀಲಾ. "ಒಳಗ ತೆರೀತಿದ್ರ, ಯಾರರ ಬಿದ್ದಾಗ ಬಾಗಲಾ ಅವರಿಗೇ ಅಡ್ಡ ಆಗ್ತೈತಿ. ಹೊರಗಿನವರು ತೆಗದು ಎತ್ತಾಕ ಆಗೂದಿಲ್ಲ."

ಕೌಶಲ್ ಬಾಗಿಲ ಕಡೆ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ. ತಾನು ನಾಲ್ಕು ವರ್ಷದಿಂದ ಕದ್ದು ಕದ್ದು ನೋಡುತ್ತಿದ್ದುದನ್ನು ಈತ ಎದುರಿಗೆ ನಿಂತು ನೇರವಾಗಿ ನೋಡುತ್ತಿದ್ದಾನೆ ಎಂದು ಮೌನಪ್ಪನಿಗೆ ಅನ್ನಿಸಿತು.

ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ.

ಹಳೆಯ ಟೈಲ್ಸ್ ಕಿತ್ತು ನೆಲ ಒಡೆಯುವ ಕೆಲಸ ಶುರುವಾಯಿತು. ನೀಲಾ ಬೇರೆ ಮನೆಗಳಿಗೆ ಎರಡು ಸಲ ಬಂದರೆ ಹೆಚ್ಚು. ಇಲ್ಲಿಗೆ ವಾರದಲ್ಲಿ ನಾಲ್ಕು ಸಲ ಬಂದಳು. ವತ್ಸಲಾ ಕಾಫಿ ಕೊಡದೆ ಬಿಡುತ್ತಿರಲಿಲ್ಲ. ನೀಲಾ ಹೊಸದಾಗಿ ಕೊಂಡ ಮೊಬೈಲು ಆಗಾಗ ಟಿಣ್ ಅನ್ನುತ್ತಿತ್ತು. ಮೆಸೇಜು ಓದುವಾಗ ಅವಳ ತುಟಿಯ ಒಂದು ಮೂಲೆ ಮಾತ್ರ ಮೇಲೇಳುತ್ತಿತ್ತು. ಆ ಮೂಲೆಯನ್ನೇ ನೋಡುತ್ತ ಮೌನಪ್ಪ ಒಮ್ಮೆ ಸುತ್ತಿಗೆಯನ್ನು ತನ್ನ ಹೆಬ್ಬೆರಳ ಮೇಲೆ ಹೊಡೆದುಕೊಂಡ.

ಒಂದು ಸಂಜೆ ಕೌಶಲ್ ಎಲ್ಲರಿಗೂ ಉಸ್ಮಾನಿಯಾ ಬಿಸ್ಕತ್ತು ತಂದ.

"ನಂಗ ಬ್ಯಾಡ್ರಿ. ಆಗಿಬರೂದಿಲ್ಲ" ಅಂದ ಮೌನಪ್ಪ.

ನೀಲಾ ಹುಬ್ಬೇರಿಸಿದಳು. "ಮೊನ್ನೆ ಅಂಗಡ್ಯಾಗ ಎಂಟು ತಿಂದ್ರಲ್ಲ?"

"ಅವಾಗಿಂದಽ ಆಗಿಬರವಲ್ಲದು."

ಅವಳು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ ಅವನನ್ನು ಓರೆಗಣ್ಣಿನಲ್ಲಿ ನೋಡಿದಳು. ಅವನು ಗೋಡೆಯ ಕಡೆ ತಿರುಗಿದ.

ಮರುದಿನ ಬಾಗಿಲಿನ ಜಗಳ ತೆಗೆದ. "ಬಾಗಲಾ ಒಳಗಽ ತೆರೀಲ್ರಿ. ಹೊರಗ ತೆರದ್ರ ಪ್ಯಾಸೇಜಿನ್ಯಾಗ ಓಡಾಡೋರಿಗೆ ಬಡೀತೈತಿ."

"ಮನ್ಯಾಗ ಇರೋರು ಇಬ್ಬರು. ಯಾರು ಓಡಾಡ್ತಾರ?"

"ಯಾರರ ಓಡಾಡ್ತಾರ. ದಿನಾ ಬಂದು ಓಡಾಡೋರು ಇದ್ದಽ ಇರ್ತಾರ."

ನೀಲಾ ನಕ್ಷೆ ಮಡಚಿದಳು. "ಮೌನಪ್ಪನವ್ರ, ನಿಮಗ ಏನಾಗೇತಿ?"

"ನಂಗೇನಾಗೇತಿ? ನಂಗೇನೂ ಆಗಿಲ್ಲ."

"ಏನರ ಹೇಳೂದಿದ್ರ ಹೇಳ್ರಿ."

ಅವಳು ಕಾದಳು. ಅದು ಅವನಿಗೆ ಗೊತ್ತಾಯಿತು. ಪಕ್ಕದ ಕೋಣೆಯಿಂದ ಕೌಶಲ್ "ನೀಲಾ, ಒಂದ್ ನಿಮಿಷ ಬರ್ತೀರಾ" ಎಂದು ಕರೆದ. ಮೇಡಂ ಅಲ್ಲ, ನೀಲಾ ಅವರೇ ಅಲ್ಲ, ಬರೀ ನೀಲಾ. ಅವಳು ಹೋದಳು. ಆ ಕೋಣೆಯಿಂದ ಅವಳ ನಗು ಕೇಳಿಸಿತು. ಮೌನಪ್ಪನ ಎದುರಿಗೆ ಕಮೋಡಿನ ಪೈಪು ಇಡಲು ಕೊರೆದ ಗುಂಡಿ ಇತ್ತು.

ನಕ್ಷೆಯಲ್ಲಿ ಅವಳ ದುಂಡು ಅಕ್ಷರ: ಗೋಡೆಯಿಂದ ಒಂಬತ್ತು ಇಂಚು.

ಯಾವ ಗೋಡೆಯಿಂದ ಎಂದು ಅವಳು ಎಂದೂ ಬರೆದಿರಲಿಲ್ಲ. ಅವನು ಎಂದೂ ಕೇಳಿರಲಿಲ್ಲ. ಒಡೆದ ಗೋಡೆ ಬರೀ ಇಟ್ಟಿಗೆಯದು. ಅದರ ಮೇಲೆ ಪ್ಲಾಸ್ಟರು, ಟೈಲ್ಸು ಸೇರಿ ಇನ್ನೆರಡು ಇಂಚು ಮುಂದೆ ಬರುತ್ತದೆ. ಹಾಗಾಗಿ ಅವಳು ಒಂಬತ್ತು ಅಂದರೆ ಇವನು ಇಟ್ಟಿಗೆಯಿಂದ ಹನ್ನೊಂದು ಹಿಡಿಯುತ್ತಿದ್ದ. ನಾಲ್ಕು ವರ್ಷ, ಒಂದು ಸಲವೂ ತಪ್ಪಿಲ್ಲದೆ.

ಅಂದು ಅವನು ಟೇಪಿನ ತುದಿಯನ್ನು ಇಟ್ಟಿಗೆಗೆ ಒತ್ತಿ ಹಿಡಿದ. ಒಂಬತ್ತು ಇಂಚಿಗೆ ಗುರುತು ಹಾಕಿದ. ಬರೆದದ್ದು ಅಷ್ಟೇ ತಾನೆ? ಬರೆದಂತೆ ಮಾಡಿದರೆ ತಪ್ಪು ಯಾರದು? ಪೈಪು ಕೂಡಿಸಿ, ಸುತ್ತ ಸಿಮೆಂಟು ಹಾಕಿ, ಕರಣೆಯಿಂದ ನೀಟಾಗಿ ಸವರಿದ. ಅವನ ಕೈ ಒಂದಿಷ್ಟೂ ನಡುಗಲಿಲ್ಲ. ಅದು ಅವನಿಗೆ ಆಮೇಲೆ ಬಹಳ ದಿನ ನೆನಪಾಗಿ ಚುಚ್ಚಿತು.

ಟೈಲ್ಸ್ ಕೂಡಿಸಿ, ಕಮೋಡು ಇಡುವ ದಿನ ಬಂತು. ಅದನ್ನು ಹಿಂದಕ್ಕೆ ತಳ್ಳಿದರೆ ಬೆನ್ನು ಗೋಡೆಗೆ ಬಡಿಯಿತು. ಕೆಳಗಿನ ಬಾಯಿ ಪೈಪಿನ ಬಾಯಿಗೆ ಕೂಡಲಿಲ್ಲ. ಎರಡು ಇಂಚು ಕಡಿಮೆ.

ಸೂರ್ಯನಾರಾಯಣ ತಾವೇ ಬಂದರು. ನಕ್ಷೆ ತೆಗೆದು ನೋಡಿ ನೀಲಾಳ ಮುಂದೆ ಹಿಡಿದರು. "ಏ ಗೋಡಮ್ಮಾ ಇದಿ? ಇಟ್ಟಿಗೆಯದಾ, ಟೈಲ್ಸಿನದಾ? ಮೇಸ್ತ್ರಿ ನಿನ್ನ ಮನಸ್ಸಿನೊಳಗೆ ಇಳಿದು ನೋಡಬೇಕಾ?"

ನೀಲಾ ಪೈಪನ್ನು ನೋಡಿದಳು. ಆಮೇಲೆ ಮೌನಪ್ಪನನ್ನು. ಒಂದೇ ಒಂದು ಸಲ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಅವಳಿಗೆ ಗೊತ್ತಾಗಿತ್ತು.

"ಬರೀಬೇಕಾಗಿತ್ತು ಸರ್" ಅಂದಳು ತೆಲುಗಿನಲ್ಲಿ. "ಬರೀಲಿಲ್ಲ."

"ನಾಳೆಯಿಂದ ನಕ್ಷೆ ಬೇಡ. ಕೌಂಟರಿನಲ್ಲಿ ನಿಲ್ಲು" ಅಂದರು ಮಾಲೀಕರು. ವತ್ಸಲಾ ಅವರೂ ಕೌಶಲನೂ ನೋಡುತ್ತಿದ್ದರು. ಮೌನಪ್ಪ ಬಗ್ಗಿ ಕರಣೆ ಒರೆಸತೊಡಗಿದ.

ಮರುದಿನ ಅವನು ಅಂಗಡಿಗೆ ಹೋದಾಗ ನೀಲಾ ಕೌಂಟರಿನಲ್ಲಿ ನಲ್ಲಿಗಳ ಧೂಳು ಒರೆಸುತ್ತಿದ್ದಳು. ಅವಳ ಮೇಜಿನ ಕಂಪ್ಯೂಟರಿನ ಮೇಲೆ ಯಾರೋ ಬಟ್ಟೆ ಹೊದಿಸಿದ್ದರು.

"ನೀಲಾ ಅವ್ರ..." ಎಂದು ಶುರು ಮಾಡಿದ.

"ಕ್ಯಾ ಚಾಹಿಯೇ?" ಅಂದಳು ಅವಳು.

ಅವನು ಬೆಚ್ಚಿದ. ಮತ್ತೆ ಕನ್ನಡದಲ್ಲಿ ಏನೋ ಅಂದ. ಅವಳು ಮತ್ತೆ ಹಿಂದಿಯಲ್ಲೇ, ಸಾಮಾನು ಬೇಕಿದ್ದರೆ ಚೀಟಿ ಕೊಡಿ, ಇಲ್ಲವಾದರೆ ಬದಿಗೆ ಸರಿಯಿರಿ, ಹಿಂದೆ ಗಿರಾಕಿ ಇದ್ದಾರೆ ಅಂದಳು. ಆ ಊರಲ್ಲಿ ಅವನಿಗೆ ಹಿಂದಿಯಲ್ಲಿ ಬೈದವರು ಎಷ್ಟೋ ಮಂದಿ. ಯಾವುದೂ ಇಷ್ಟು ನೋಯಿಸಿರಲಿಲ್ಲ.

ಎರಡನೆಯ ದಿನವೂ ಹಾಗೇ. ಮಧ್ಯಾಹ್ನ ಕೌಶಲ್ ಅಂಗಡಿಗೆ ಬಂದು ಕೌಂಟರಿನ ಮೇಲೆ ಬಾಗಿ, "ಯಾರಿಂದ್ಲಾದ್ರೂ ಆಗೋ ತಪ್ಪೇ ಇದು, ಬೇಜಾರ್ ಮಾಡ್ಕೋಬೇಡಿ" ಎಂದು ಸಮಾಧಾನ ಹೇಳುವುದನ್ನು ಮೌನಪ್ಪ ಗೋದಾಮಿನ ಬಾಗಿಲಲ್ಲಿ ನಿಂತು ಕಂಡ. ನೀಲಾ ತಲೆ ತಗ್ಗಿಸಿ ಕೇಳುತ್ತಿದ್ದಳು. ಅವನ ಹೊಟ್ಟೆಯೊಳಗಿನ ಉರಿ ಮತ್ತೆ ಎದ್ದಿತು. ಈ ಸಲ ಅದರ ಜೊತೆ ನಾಚಿಕೆಯೂ ಇತ್ತು. ಅವಳಿಗೆ ಪೆಟ್ಟು ಕೊಟ್ಟವನು ತಾನು, ಸಮಾಧಾನ ಹೇಳುವವನು ಅವನು.

ಮೂರನೆಯ ದಿನ ಅಂಗಡಿ ತೆರೆದು ದೀಪ ಹಚ್ಚುವಷ್ಟರಲ್ಲಿ ಅವನು ಮಾಲೀಕರ ಮುಂದೆ ನಿಂತಿದ್ದ. ಇಬ್ಬರು ಗಿರಾಕಿಗಳು, ಲೆಕ್ಕದ ಗುಮಾಸ್ತೆ, ಕೌಂಟರಿನಲ್ಲಿ ನೀಲಾ. ಎಲ್ಲರಿಗೂ ಕೇಳುವ ಹಾಗೆ ತೆಲುಗಿನಲ್ಲಿ ಹೇಳಿದ. "ಸರ್, ನಕ್ಷೆ ಸರಿಯಾಗೇ ಇತ್ತು. ಅವರು ಒಂಬತ್ತು ಅಂದರೆ ಟೈಲ್ಸಿನ ಮೇಲಿಂದ ಅಂತ ನನಗೆ ಗೊತ್ತು. ತೆಲಿಸೇ ಚೇಶಾನು. ಗೊತ್ತಿದ್ದೇ ಮಾಡಿದೆ."

"ಎಂದುಕು?" ಅಂದರು ಸೂರ್ಯನಾರಾಯಣ. "ಯಾಕಯ್ಯಾ?"

ಮೌನಪ್ಪ ನೆಲ ನೋಡುತ್ತ ನಿಂತ. ಮಾಲೀಕರು ಅವನನ್ನು ನೋಡಿದರು, ಕೌಂಟರಿನ ಕಡೆ ನೋಡಿದರು, ಮತ್ತೆ ಅವನನ್ನು ನೋಡಿದರು. ಅವರ ದನಿ ಇಳಿಯಿತು, ತೀರ್ಮಾನ ಇಳಿಯಲಿಲ್ಲ. ಒಡೆದು ಸರಿಮಾಡಿಕೊಡು. ಅದು ಮುಗಿದ ಮೇಲೆ ನನ್ನ ಅಂಗಡಿಯ ಕೆಲಸಕ್ಕೆ ಬರಬೇಡ.

ನೀಲಾ ಕೈಯ ಬಟ್ಟೆಯನ್ನು ಕೌಂಟರಿನ ಮೇಲಿಟ್ಟು, ತನ್ನ ಮೇಜಿಗೆ ಹೋಗಿ, ಕಂಪ್ಯೂಟರಿನ ಹೊದಿಕೆ ತೆಗೆದು ಕೂತಳು. ಅವನ ಕಡೆ ತಿರುಗಲಿಲ್ಲ.

ತಾರ್ನಾಕದ ಬಚ್ಚಲಲ್ಲಿ ತಾನೇ ಕೂಡಿಸಿದ ಟೈಲ್ಸನ್ನು ಮೌನಪ್ಪ ತಾನೇ ಕಿತ್ತ. ಕೌಶಲ್ ಬಾಗಿಲಲ್ಲಿ ಬಂದು ನಿಂತ.

"ಸೂರ್ಯನಾರಾಯಣ ಅವರು ಫೋನ್ ಮಾಡಿದ್ರು. ಬೇಕೂ ಅಂತ ಮಾಡಿದ್ರಂತೆ. ಯಾಕ್ರೀ?"

"ನಿಮ್ಮ ಮ್ಯಾಲೆ ಸಿಟ್ಟಿತ್ರಿ."

"ನನ್ ಮೇಲಾ? ನಾನೇನ್ ಮಾಡ್ದೆ ನಿಮಗೆ?"

"ಏನೂ ಮಾಡಿಲ್ಲರಿ. ಅದಽ ಸಿಟ್ಟು."

ಕೌಶಲ್ ಚೌಕಟ್ಟಿಗೆ ಒರಗಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಓ" ಅಂದ ಕೊನೆಗೆ. "ನೀಲಾಗೆ ಗೊತ್ತಾ?"

"ಇಲ್ರಿ."

"ನೋಡಿ, ನಾನು ಮುಚ್ಚುಮರೆ ಮಾಡಲ್ಲ. ಅಮ್ಮ ನೀಲಾ ಮನೆಗೆ ಫೋನ್ ಮಾಡಿ ಹೆಣ್ಣು ಕೇಳಿದಾರೆ. ಭಾನುವಾರದೊಳಗೆ ಹೇಳ್ತೀವಿ ಅಂದಿದಾರೆ." ಹೋಗುವ ಮುನ್ನ ತಿರುಗಿ, "ನೀವು ಏನಾದ್ರೂ ಹೇಳೋದಿದ್ರೆ ಹೇಳಿಬಿಡಿ. ಆಮೇಲೆ ನನ್ ಮೇಲೆ ಸಿಟ್ಟು ಮಾಡ್ಕೊಂಡು ಗೀಸರಿಗೆ ಏನಾದ್ರೂ ಮಾಡಬೇಡಿ" ಅಂದ. ನಗಿಸಲೆಂದು ಹೇಳಿದ್ದು. ಇಬ್ಬರಲ್ಲಿ ಯಾರಿಗೂ ನಗು ಬರಲಿಲ್ಲ.

ಅವನು ಹೋದ ಮೇಲೆ ಮೌನಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಭಾನುವಾರ ಆ ಮನೆಯವರು ಹ್ಞೂಂ ಅಂದರೆ, ಇದು ಅವಳ ಬಚ್ಚಲು. ಈ ಕಿಟಕಿಯ ಕೆಳಗೆ ಅವಳು ನಿಲ್ಲುತ್ತಾಳೆ. ಈ ಮೊಳೆಗೆ ಅವಳ ಸೀರೆ. ಈ ಟೈಲ್ಸಿನ ಮೇಲೆ ಅವಳ ಒದ್ದೆ ಪಾದ. ತಾನು ಕೂಡಿಸಿದ ನಲ್ಲಿಯನ್ನು ಅವಳು ತಿರುವುವಾಗ ಹೊರಗೆ ಕೌಶಲ್ ಪೇಪರು ಓದುತ್ತ ಕೂತಿರುತ್ತಾನೆ. ಕರಣೆ ಬಿಸಾಕಿ ಎದ್ದು ಬೋರಬಂಡದ ಬಸ್ಸು ಹತ್ತಿಬಿಡಬೇಕೆನ್ನಿಸಿತು.

ಎದ್ದು ಹೋಗಲಿಲ್ಲ. ಅವಳ ಪಾದವೇ ಆದರೆ ಜಾರಬಾರದು.

ನೆಲದ ಇಳಿಜಾರನ್ನು ಎರಡು ಸಲ ಅಳಿಸಿ ಮತ್ತೆ ಮಾಡಿದ. ಕಟ್ಟೆಯ ಚೂಪು ಅಂಚನ್ನು ಕಲ್ಲಿನಿಂದ ಉಜ್ಜಿ ದುಂಡು ಮಾಡಿದ. ಹಿಡಿಕೆಯನ್ನು ಗೋಡೆಗೆ ಬಿಗಿದು ತನ್ನ ಇಡೀ ಮೈಭಾರ ಹಾಕಿ ಜೋತು ನೋಡಿದ. ವತ್ಸಲಾ ಕಾಫಿ ತಂದರೆ ಕುಡಿಯಲು ನಾಚಿಕೆಯಾಯಿತು. ಅವರು ಬೈಯಲಿಲ್ಲ. "ನೀನು ಮಾಡಿದ್ದು ಕೆಟ್ಟದ್ದೇ ಕಣಪ್ಪ" ಅಂದರು. "ಕಾಫಿ ಆರಿಹೋಗುತ್ತೆ, ಕುಡಿ."

ಶನಿವಾರ ಮಧ್ಯಾಹ್ನ ನೀಲಾ ಕೊನೆಯ ಪರೀಕ್ಷೆಗೆ ಬಂದಳು. ಹಸಿರು ಚೂಡಿದಾರ, ಜಡೆಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲು. ಒಂದು ಚೊಂಬು ನೀರು ತೆಗೆದುಕೊಂಡು ಮೂಲೆಯಲ್ಲಿ ಸುರಿದಳು. ನೀರು ಎಲ್ಲೂ ನಿಲ್ಲದೆ ಜಾಲರಿಯತ್ತ ಹರಿದುಹೋಯಿತು. ಬಾಗಿಲು ತೆರೆದು ಮುಚ್ಚಿ ನೋಡಿದಳು. ಕಮೋಡನ್ನು ಅಲುಗಾಡಿಸಿದಳು. ಅದು ಅಲುಗಲಿಲ್ಲ.

"ಎಷ್ಟು ಹಿಡಿದ್ರಿ?" ಕನ್ನಡದಲ್ಲಿ ಕೇಳಿದಳು.

"ಇಟ್ಟಿಗಿಯಿಂದ ಹನ್ನೊಂದು."

"ಅವತ್ತಽ ನಂಗ ಗೊತ್ತಾತು. ಕಮೋಡು ಕೂಡಲಿಲ್ಲ ಅಂದ ಕೂಡಲೇ."

"ಮತ್ತ ಯಾಕ ಹೇಳಲಿಲ್ರಿ? ನನ್ನ ಹೆಸರು ಹೇಳಿದ್ರ ಮುಗೀತಿತ್ತು."

"ನೀವು ಹೇಳ್ತೀರೋ ಇಲ್ಲೋ ನೋಡಬೇಕಾಗಿತ್ತು." ಅವಳು ಚೊಂಬನ್ನು ಕೆಳಗಿಟ್ಟಳು. "ಮೂರು ದಿನ ನಲ್ಲಿ ಒರಸಿಕೋತ ನಿಂತಿದ್ದೆ ಮೌನಪ್ಪನವ್ರ. ಡಿಪ್ಲೊಮಾ ಮಾಡಿದಾಕಿ. ನಿಮಗ ಗೊತ್ತೇನು, ಆ ಮೇಜಿನ ಮುಂದ ಕೂಡಾಕ ನಾ ಎಷ್ಟು ಕಷ್ಟಪಟ್ಟೀನಿ?"

"ಗೊತ್ತೈತ್ರಿ. ತಪ್ಪಾತು."

"ತಪ್ಪಾತು ಅಂತ ಅಂಗಡ್ಯಾಗ ಹೇಳೀರಿ. ಯಾಕ ಮಾಡಿದ್ರಿ ಅಂತ ಹೇಳಿಲ್ಲ. ಸರ್ ಕೇಳಿದ್ರ ನೆಲಾ ನೋಡಿದ್ರಿ. ಈಗ ನಾ ಕೇಳಾಕತ್ತೀನಿ."

ಅವನು ಕೈ ನೋಡಿಕೊಂಡ. ಸಿಮೆಂಟಿತ್ತು. ಇರಲಿ ಅನ್ನಿಸಿತು.

"ಅವರು ಆ ಪೇಪರಿನ ಮ್ಯಾಲೆ ಕೂತ್ರು."

"ಏನು?"

"ನಾ ಕೂಡೋ ಜಾಗಾರಿ ಅದು. ನಾಕ್ ವರ್ಷದಿಂದ. ಅವರಿಗೂ ಮಹಾರಾಜರ ಅಂದ್ರಿ. ಅವರ ಕೂಡ ಕನ್ನಡ ಮಾತಾಡಿದ್ರಿ. ಆ ಮೊಬೈಲ್ ನೋಡಿ ನಕ್ಕ್ರಿ. ನಂಗ... ಹೊಟ್ಟಿ ಉರೀತು. ಎಷ್ಟು ಉರೀತು ಅಂದ್ರ ನಾ ಯಾರು ಅನ್ನೂದು ಮರತೆ." ಉಸಿರು ಎಳೆದುಕೊಂಡ. "ನೀವಂದ್ರ ನಂಗ ಭಾಳ ಇಷ್ಟರಿ ನೀಲಾ ಅವ್ರ. ಬರೀ ಇಷ್ಟ ಅಲ್ಲ. ನೀವಿಲ್ಲದ ಮನ್ಯಾಗ ಕೆಲಸಕ್ಕ ಹೋದ್ರ ಆ ಮನಿ ಬಚ್ಚಲ ಸುದ್ದಾ ಖಾಲಿ ಅನಸ್ತೈತಿ."

ನೀಲಾಳ ತುಟಿಯ ಒಂದು ಮೂಲೆ ಮೇಲೇಳಲು ಹೋಯಿತು. ಅವಳು ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.

"ಹೊಟ್ಟಿಕಿಚ್ಚು ಬಂದ್ರ ಬಾಯಿಲೆ ಹೇಳ್ರಿ. ಪೈಪಿನ್ಯಾಗ ಹೇಳಬ್ಯಾಡ್ರಿ. ಆ ನಕ್ಷೆ ನಂದು."

"ಹೌದ್ರಿ."

"ಕೌಶಲ್ ಒಳ್ಳೇವರು."

"ಹೌದ್ರಿ." ಅದನ್ನು ಹೇಳಲು ಅವನಿಗೆ ಕಷ್ಟವಾಯಿತು.

"ಅವರ ಅಮ್ಮ ಅವರಿಗಿಂತ ಒಳ್ಳೇವರು."

"ಹೌದ್ರಿ."

"ನಿನ್ನೆನಽ ನಾ ಬ್ಯಾಡ ಅಂದೆ."

ಮೌನಪ್ಪ ಹಿಂದಿದ್ದ ಕಟ್ಟೆಯ ಮೇಲೆ ಕುಸಿದು ಕೂತ.

"ಏಳ್ರಿ! ಅಂಚಿನ ಸಿಮೆಂಟು ಹಸಿ ಐತಿ!"

ಎದ್ದ. ಪ್ಯಾಂಟಿನ ಹಿಂದೆ ಬಿಳಿಯ ಗುರುತು, ಕಟ್ಟೆಯ ಮೇಲೆ ಒಂದು ತಗ್ಗು. ಇಬ್ಬರೂ ಅದನ್ನು ನೋಡಿದರು. ಆಗ ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ನಗುತ್ತಲೇ ಕಣ್ಣು ತುಂಬಿದವು.

"ನಿಮ್ಮ ಸಲುವಾಗೇ ಬ್ಯಾಡ ಅಂದೆ" ಅಂದಳು, ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತ. "ಆದ್ರ ಇವತ್ತು ನೀವು ಬಾಯಿ ತೆಗೀದಿದ್ರ ನಿಮಗೂ ಬ್ಯಾಡ ಅಂತಿದ್ದೆ. ಮೂರು ದಿನಾ ಮರೀತೀನಿ ಅಂತ ತಿಳೀಬ್ಯಾಡ್ರಿ. ಮರಿಯೂದಿಲ್ಲ."

"ಮರೀಬ್ಯಾಡ್ರಿ."

"ನಾಳೆ ಮನಿಗೆ ಬರ್ರಿ. ನಿಮ್ಮವ್ವನ್ನ ಕರಕೊಂಡು ಬರ್ರಿ. ಅಪ್ಪಗ ನಾ ಏನೂ ಹೇಳೂದಿಲ್ಲ. ನೀವಽ ಹೇಳಬೇಕು." ಬಾಗಿಲವರೆಗೆ ಹೋಗಿ ನಿಂತಳು. "ಆ ಕಟ್ಟಿ ಸರಿಮಾಡಿ ಬರ್ರಿ ಮೊದಲು."

ಭಾನುವಾರ ಹತ್ತು ಗಂಟೆಗೆ ಮೌನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವ್ವ ಸುಗಲಮ್ಮನನ್ನು ಕರೆದುಕೊಂಡು ಕಂಚನ್‌ಬಾಗಿನ ಕ್ವಾರ್ಟರ್ಸಿಗೆ ಹೋದ. ನೀಲಾಳ ತಾಯಿ ವಿಶಾಲಾಕ್ಷಿ ನೀರು ಕೊಟ್ಟು, ಸುಗಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರು. ಮೌನಪ್ಪ ಗೋಡೆಯ ಪಕ್ಕದ ದಿವಾನ್ ಮಂಚದ ತುದಿಯಲ್ಲಿ ಕೂತ. ನೀಲಾಳ ಅಪ್ಪ ಎದುರಿಗೆ. ದೊಡ್ಡ ಹುಬ್ಬಿನ, ಸಣ್ಣ ಮಾತಿನ ಮನುಷ್ಯ.

"ಎಲ್ಲೀತನಕ ಓದೀದಿ?"

"ಒಂಬತ್ತನೇ ಇಯತ್ತೆ ಅರ್ಧಾರಿ."

"ಈಗ ಕೆಲಸ ಎಲ್ಲಿ?"

"ನಿನ್ನೆತನಕ ನೀಲಾ ಅವರ ಅಂಗಡ್ಯಾಗಿತ್ರಿ. ಈಗಿಲ್ಲ. ಬ್ಯಾರೆ ಕಡೆ ಹುಡುಕಾಕತ್ತೀನಿ."

"ಯಾಕ ಬಿಡಿಸಿದ್ರು?"

ಸುಗಲಮ್ಮ ಮಗನ ಮೊಣಕೈ ಮುಟ್ಟಿದಳು. ಮೌನಪ್ಪ ಎಲ್ಲ ಹೇಳಿದ. ಇಟ್ಟಿಗೆಯಿಂದ ಹಿಡಿದ ಅಳತೆ, ಮೂರು ದಿನ ಬಾಯಿ ಮುಚ್ಚಿಕೊಂಡದ್ದು, ಯಾಕೆ ಹಾಗೆ ಮಾಡಿದ ಅನ್ನುವುದು.

"ನನ್ನ ಮಗಳನ್ನ ನಾಕು ಮಂದ್ಯಾಗ ತಲಿ ತಗ್ಗಿಸಿ ನಿಲ್ಲಿಸಿದವ ನೀನಽ?"

"ಹೌದ್ರಿ."

"ಅದನ್ನ ಹೇಳಾಕ ಇಲ್ಲೀತನಕ ಬಂದೀಯೇನು?"

"ಅದನ್ನ ಮೊದಲ ಹೇಳಿ, ಆಮ್ಯಾಲೆ ಇನ್ನೊಂದು ಕೇಳಬೇಕಂತ ಬಂದೀನ್ರಿ."

"ಎಂಥಾ ಹುಡುಗನ ಮನಿಯಿಂದ ಕೇಳಿದ್ರು ಗೊತ್ತೈತೇನು?" ಅಂದರು ಅಪ್ಪ. "ಇಂಜಿನಿಯರು. ಸ್ವಂತ ಮನಿ. ಹೂವಿನಂಥಾ ತಾಯಿ."

ಆಗಲೂ, ಅಲ್ಲಿಯೂ, ಮೌನಪ್ಪನ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತಿತು. "ಗೊತ್ತೈತ್ರಿ" ಅಂದ. "ಅವರು ನನಗಿಂತ ಎಲ್ಲಾದರಾಗೂ ಹೆಚ್ಚಿನವರು. ಆದ್ರೂ ಕೇಳ್ತೀನಿ. ನೀಲಾ ಅವರನ್ನ ನನಗ ಕೊಡ್ರಿ."

ಅಡುಗೆಮನೆಯ ಪರದೆ ಸರಿಯಿತು. ನೀಲಾ ಚಹಾದ ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟಳು. ಆಮೇಲೆ ಒಳಗೆ ಹೋಗಲಿಲ್ಲ. ತಟ್ಟೆಯನ್ನು ನೆಲಕ್ಕಿಟ್ಟು ದಿವಾನದ ಮೇಲೆ, ಅವನ ಪಕ್ಕದಲ್ಲಿ, ಒಂದು ಗೇಣು ಬಿಟ್ಟು ಕೂತಳು.

ಅಪ್ಪ ಅವನನ್ನು ಬಿಟ್ಟು ಮಗಳನ್ನು ನೋಡಿದರು. "ನೀ ಏನಂತೀ?"

"ನಾ ಕೂತೀನಲ್ಲ ಅಪ್ಪಾ" ಅಂದಳು ನೀಲಾ.

ಅವರು ಚಹಾ ಪೂರ್ತಿ ಕುಡಿದು ಮುಗಿಸಿದರು. ಖಾಲಿ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೆಂಡತಿಯ ಕಡೆ ತಿರುಗಿದರು.

"ವಿಶಾಲಾಕ್ಷೀ, ಊಟಕ್ಕ ಇನ್ನೆರಡು ತಾಟು ಹಾಕು. ಬೀಗತಿಗೆ ರೊಟ್ಟಿ ಮೆತ್ತಗ ಮಾಡು."